ತೊಳೆಯುವುದನ್ನು ಬಿಡಬೇಡ

ಬನಹಟ್ಟಿಯಿಂದ ಧಾರವಾಡಕ್ಕೆ ಹೊರಟಿದ್ದೀ ತಂಗಿ, ಪಾಲಿಮರ್ ಓದುತ್ತೇನೆ ಅಂತೀ. ಓದು. ಆ ವಿದ್ಯೆ ನಿನಗೇನೂ ಪರಕೀಯವಲ್ಲ. ಜಮಖಂಡಿ ಸಂತೆಯಲ್ಲಿ ಚವಳಿಕಾಯಿ ಆರಿಸುವಾಗ ಬಲಿತದ್ದನ್ನು ಬಿಟ್ಟುಬಿಡುತ್ತೇವಲ್ಲ, ಆ ಬಲಿತ ಬೀಜದೊಳಗೇ ಗೌರ್ ಗಮ್ ಅನ್ನುವ ಅಂಟು ಇರುವುದು. ಚಿಟಿಕೆಯಷ್ಟು ಪುಡಿ ಲೋಟ ನೀರಿಗೆ ಬಿದ್ದರೆ ಸಾಕು, ನೀರು ಲೋಳೆಗಟ್ಟುತ್ತದೆ. ಮ್ಯಾನೋಸ್ ಸಕ್ಕರೆಯ ಉದ್ದನೆಯ ಸರಪಳಿ, ಅಂದರೆ ಪಾಲಿಮರ್ ಅದು, ಮಗ್ಗುಲಿಗೆ ಗ್ಯಾಲಕ್ಟೋಸ್ ಕವಲು. ಮುಧೋಳದ ಕಬ್ಬಿನ ಸಿಪ್ಪೆಯಲ್ಲಿರುವ ಸೆಲ್ಯುಲೋಸೂ ಇದೇ ಬಳಗದ್ದು. ನಾವು ರಸವನ್ನಷ್ಟೇ ಲೆಕ್ಕಕ್ಕೆ ಹಿಡಿದೆವು.

ಔಷಧವನ್ನು ಒಳಗಿಟ್ಟು ಮೆಲ್ಲಗೆ ಬಿಡುವ ಗೋಲಿಗೆ ಬರೀ ಗೌರ್ ಗಮ್ ಸಾಲದು. ಅದು ನೀರು ಕುಡಿದು ಬೇಗ ಊದುತ್ತದೆ, ಔಷಧವನ್ನು ಬಹಳ ಹೊತ್ತು ಹಿಡಿದಿಡಲಾರದು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ತೇಜರಾಜ ಅಮೀನಭಾವಿಯವರ ತಂಡ ಅದಕ್ಕೆ ಪಾಲಿಅಕ್ರಿಲಮೈಡ್ ಕಸಿ ಮಾಡಿ, ಕ್ಷಾರದಲ್ಲಿ ಹದಗೊಳಿಸಿ, ಗ್ಲುಟರಾಲ್ಡಿಹೈಡ್‌ನಿಂದ ಬಿಗಿದು ಸೂಕ್ಷ್ಮ ಗೋಲಿಗಳನ್ನು ತಯಾರಿಸಿತು. 2001ರಲ್ಲಿ ಆ ಕೆಲಸ ಪ್ರಕಟವಾಯಿತು. ಆ ಗೋಲಿ ಜಠರದ ಆಮ್ಲದಲ್ಲಿ ಮುದುಡಿಕೊಂಡಿರುತ್ತದೆ, ಆಮ್ಲ ಇಳಿದ ಕರುಳಿನಲ್ಲಿ ಊದುತ್ತದೆ. ಆ ಪ್ರಬಂಧವನ್ನು ಹುಡುಕಿ ಓದು.

ಕಸಿ ಅಂದರೆ ಬೆರಕೆಯಲ್ಲ. ಮಗ್ಗದ ಹಾಸುನೂಲಿಗೆ ಹಚ್ಚಿದ ಗಂಜಿ ತೊಳೆದರೆ ಹೋಗುತ್ತದೆ, ಹೋಗಲೇಬೇಕು. ಇಲ್ಲಿ ಸಕ್ಕರೆಯ ಸರಪಳಿಯ ಮೇಲೇ ರ್‍ಯಾಡಿಕಲ್ ಎಂಬ ಚುರುಕು ತಾಣ ಹುಟ್ಟಿಸಿ, ಅಲ್ಲಿಂದ ಅಕ್ರಿಲಮೈಡಿನ ಹೊಸ ಎಳೆ ಬೆಳೆಸುತ್ತಾರೆ. ತೊಳೆದರೂ ಅದು ಬಿಡಬಾರದು.

ನಾನು ಹೇಳಬೇಕೆಂದಿರುವುದು ಈ ತೊಳೆಯುವ ಮಾತನ್ನೇ. ಹಾಕಿದ ಅಕ್ರಿಲಮೈಡ್ ಎಲ್ಲ ಕಸಿಯಾಗುವುದಿಲ್ಲ. ಒಂದಿಷ್ಟು ಸರಪಳಿಗೆ ಅಂಟದೆ ತಾನೇ ಪಾಲಿಮರ್ ಆಗುತ್ತದೆ, ಒಂದಿಷ್ಟು ಹಾಗೇ ಉಳಿಯುತ್ತದೆ. ಹಾಗೇ ಉಳಿದದ್ದು ನರಗಳಿಗೆ ವಿಷ. ಅಂಟದ್ದನ್ನು ತೆಗೆಯದೆ ಒಣಗಿಸಿ ತೂಗಿದರೆ ತೂಕ ಹೆಚ್ಚು ಬರುತ್ತದೆ, ಕಸಿಯ ಶೇಕಡಾವಾರು ಚೆಂದ ಕಾಣುತ್ತದೆ. ಪ್ರಬಂಧ ಕೊಡುವ ಗಡಿಬಿಡಿಯಲ್ಲಿ ಆ ಅಂಕಿಗೆ ಮರುಳಾಗಬೇಡ. ತೊಳೆ, ಒಣಗಿಸು, ತೂಗು. ತೂಕ ಒಂದೇ ನಿಲ್ಲುವವರೆಗೂ ಮತ್ತೆ ತೊಳೆ. ಕಾಯಿಯಿಂದ ಬಂದದ್ದು, ಹಾಗಾಗಿ ದೇಹಕ್ಕೆ ಒಗ್ಗುತ್ತದೆ ಅಂತ ಯಾರಾದರೂ ಅಂದರೆ, ಜೀವಕೋಶಗಳ ಮೇಲೆ ಪರೀಕ್ಷೆ ಆಗಿದೆಯೇ ಅಂತ ಕೇಳು. ನಿನ್ನನ್ನೂ ಹಾಗೇ ಕೇಳಿಕೋ. ಆ ಗೋಲಿ ನುಂಗುವವರು ಬೀಳಗಿಯ ಯಾವುದೋ ಮನೆಯ ಅಜ್ಜಿಯೂ ಆಗಿರಬಹುದು.

ಕೊನೆಯ ಸಲ ತೊಳೆದ ನೀರನ್ನು ಚೆಲ್ಲಬೇಡ. ಅದರಲ್ಲಿ ಅಕ್ರಿಲಮೈಡ್ ಎಷ್ಟು ಉಳಿದಿದೆ ಅಂತ, ದ್ರವದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿಯಲ್ಲಿ ನೋಡಿಸು. ದೀಪಾವಳಿಗೆ ಊರಿಗೆ ಬರುವಾಗ ಆ ವರದಿ ತಾ, ಕೂತು ಓದೋಣ.