ಹತ್ತನೆಯ ಅಂಗಿ ಯಾರಿಗೆ?



ಮನೆಯಲ್ಲಿ ಸಾವಾದ ಮೇಲೆ ಕೆಲವರು ಸತ್ತವರ ಹೆಸರೆತ್ತುವುದನ್ನೇ ಬಿಡುತ್ತಾರೆ. ಇನ್ನು ಕೆಲವರು ವರ್ಷಗಟ್ಟಲೆ ಕೆಲಸಕ್ಕೆ ಕೈಹಚ್ಚದೆ ಕುಳಿತುಬಿಡುತ್ತಾರೆ. ವಿಶ್ವಾಸಿಗೆ ಬೇರೆ ದಾರಿಯಿದೆಯೇ? ಒಂದು ಫುಟ್ಬಾಲ್ ತಂಡದ ಕಥೆಯಿಂದ ಇದನ್ನು ನೋಡೋಣ.

2004ರ ಡಿಸೆಂಬರ್ 5. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಅಂತಿಮ ಪಂದ್ಯ. ಗೋವಾದ ಡೆಂಪೊ ತಂಡ ಮೋಹನ್ ಬಗಾನನ್ನು 2-0ರಿಂದ ಸೋಲಿಸಿತು. ಎರಡೂ ಗೋಲು ಹೊಡೆದವರು ಬ್ರೆಜಿಲ್ ದೇಶದ ಕ್ರಿಸ್ಟಿಯಾನೊ ಜೂನಿಯರ್. ಎರಡನೆಯ ಗೋಲಿನ ಹೊತ್ತಿಗೆ ಎದುರಾಳಿ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಕುಸಿದವರು ಮತ್ತೆ ಏಳಲಿಲ್ಲ. ವಯಸ್ಸು 25. ಗೆದ್ದ ತಂಡ ದುಃಖದೊಂದಿಗೆ ಊರಿಗೆ ಹೋಗುವಂತಾಯಿತು.

ಆದರೆ ಆಟ ನಿಲ್ಲಲಿಲ್ಲ. ತರಬೇತುದಾರ ಅರ್ಮಾಂಡೊ ಕೊಲಾಸೊ ಅವರ ಕೈಕೆಳಗೆ ಅದೇ ತಂಡ 2004-05ರ ರಾಷ್ಟ್ರೀಯ ಲೀಗನ್ನು ಮೊದಲ ಬಾರಿಗೆ ಗೆದ್ದಿತು. ಇನ್ನೊಂದು ನಿರ್ಧಾರವನ್ನೂ ಮಾಡಿತು. ಕ್ರಿಸ್ಟಿಯಾನೊ ತೊಡುತ್ತಿದ್ದ 10ನೇ ಸಂಖ್ಯೆಯ ಅಂಗಿಯನ್ನು ಬೇರೆಯವರಿಗೆ ಕೊಡದೆ ತೆಗೆದಿಟ್ಟಿತು. ಅವರ ಕೆಲಸವನ್ನು ಉಳಿದವರು ಹೊತ್ತರು, ಅವರ ಸ್ಥಾನವನ್ನು ಯಾರೂ ತೆಗೆದುಕೊಳ್ಳಲಿಲ್ಲ.

ಪವಿತ್ರ ಗ್ರಂಥದಲ್ಲಿಯೂ ಈ ವ್ಯತ್ಯಾಸವಿದೆ. ಪ್ರೇಷಿತರ ಕಾರ್ಯಕಲಾಪಗಳ ಮೊದಲ ಅಧ್ಯಾಯದಲ್ಲಿ, ಇಸ್ಕಾರಿಯೋತಿನ ಯೂದನ ಸ್ಥಾನಕ್ಕೆ ಚೀಟಿ ಹಾಕಿ ಮತ್ತೀಯನನ್ನು ಆರಿಸುತ್ತಾರೆ. 12ನೇ ಅಧ್ಯಾಯದಲ್ಲಿ ಹೆರೋದನು ಯೊವಾನ್ನನ ಸಹೋದರ ಯಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾನೆ. ಆಗ ಯಾರೂ ಚೀಟಿ ಹಾಕಲಿಲ್ಲ! ಏಕೆ? ಯೂದ ತನ್ನ ಸ್ಥಾನವನ್ನು ತಾನೇ ತೊರೆದುಹೋದ. ಯಕೋಬ ತೊರೆಯಲಿಲ್ಲ, ಸತ್ತ ಮೇಲೂ ಅವನು ಹನ್ನೆರಡು ಮಂದಿಯಲ್ಲಿ ಒಬ್ಬ. ಸಂತರ ಅನ್ಯೋನ್ಯತೆಯನ್ನು ವಿಶ್ವಾಸಿಸುತ್ತೇವೆ ಎಂದು ಪ್ರತಿ ಭಾನುವಾರ ಹೇಳುವಾಗ ನಾವು ಹೇಳುವುದು ಇದನ್ನೇ. ಮುಂದಿನ ಅಧ್ಯಾಯದಲ್ಲೇ ಬಾರ್ನಬ, ಪೌಲರು ಶುಭಸಂದೇಶ ಸಾರಲು ಹೊರಟರೆಂಬುದನ್ನೂ ಮರೆಯಬಾರದು.

ಎಮ್ಮಿಗನೂರಿನ ಸುತ್ತ ಕಾಲುವೆಗೆ ನೀರು ಬಿಟ್ಟರೆ ಭತ್ತದ ನಾಟಿ ಯಾರ ದುಃಖಕ್ಕೂ ಕಾಯುವುದಿಲ್ಲ. ಅಪ್ಪ ತೀರಿಹೋದ ವರ್ಷ ಹಿರಿಮಗ ಗದ್ದೆಗಿಳಿದರೆ ಅದು ಅಪ್ಪನನ್ನು ಮರೆತಂತೆ ಅಲ್ಲ. ಆದರೆ ಆ ಹುಡುಗನಿಗೆ "ಇನ್ನು ನೀನೇ ಅಪ್ಪ" ಎಂದು ಹೇಳುವ ನೆಂಟರ ಮಾತು ನನಗೆ ಸರಿ ಕಾಣದು. ಅವನು ಮಗನಾಗಿಯೇ ದುಡಿಯಲಿ.

ಇನ್ನೊಂದು ಮಾತು. ಸಾವಿನ ಮನೆಯಲ್ಲಿ ತಪ್ಪು ಹೊರಿಸಲು ಒಬ್ಬರನ್ನು ಹುಡುಕುತ್ತೇವೆ. ಆ ಗೋಲ್‌ಕೀಪರ್ ಸುಬ್ರತಾ ಪಾಲ್‌ಗೆ ಅಂದು ಇನ್ನೂ ಹದಿಹರೆಯ. ಅವರನ್ನು ಕೆಲಕಾಲ ಅಮಾನತು ಮಾಡಲಾಯಿತು. ಆದರೆ ಬಾಗಿಲು ಮುಚ್ಚಲಿಲ್ಲ. 2011ರ ಏಷ್ಯಾ ಕಪ್‌ನಲ್ಲಿ ಭಾರತದ ಗೋಲು ಕಾಯ್ದವರು ಅವರೇ.

ನೆರೆಹೊರೆಯವರಿಗೂ ಒಂದು ಪಾಠವಿದೆ. 1949ರ ಮೇ 4ರಂದು ಇಟಲಿಯ ಟೊರಿನೊ ತಂಡದ ವಿಮಾನ ಸುಪೆರ್ಗಾ ಬೆಟ್ಟದ ಮಹಾದೇವಾಲಯದ ಹಿಂಗೋಡೆಗೆ ಬಡಿದು 31 ಮಂದಿ ಸತ್ತರು. ಉಳಿದ 4 ಪಂದ್ಯಗಳಿಗೆ ಟೊರಿನೊ ತನ್ನ ಹುಡುಗರ ತಂಡವನ್ನು ಇಳಿಸಿತು. ಎದುರಾಳಿಗಳೂ ತಮ್ಮ ಹುಡುಗರನ್ನೇ ಇಳಿಸಿದರು. ಈಗಲೂ ಮೇ 4ರಂದು ತಂಡದ ನಾಯಕ ಅಲ್ಲಿ ನಿಂತು ಸತ್ತವರ ಹೆಸರನ್ನು ಒಂದೊಂದಾಗಿ ಓದುತ್ತಾನೆ.

ನವೆಂಬರ್ ತಿಂಗಳಲ್ಲಿ ಬಲಿಪೂಜೆಗೆ ಮೃತರ ಹೆಸರು ಬರೆಸುವಾಗ ಚೀಟಿಯನ್ನು ಮಕ್ಕಳ ಕೈಯಿಂದಲೇ ಬರೆಸಿ. ಅಜ್ಜ ಯಾರು, ಏನು ಬೆಳೆಯುತ್ತಿದ್ದರು ಎಂದು ಅವರು ಕೇಳಿಯೇ ಕೇಳುತ್ತಾರೆ.