ಕಳೆಯಿಂದ ಕಸುಬು

‘ಕಸದಿಂದ ರಸ’ ಎಂಬುದು ಬಲ್ಲವರ ನಾಣ್ನುಡಿ. ಎಸೆಯಬೇಕಾದುದನ್ನು ಮರಳಿ ಬಳಕೆಗೆ ತರುವ ಈ ಕ್ರಮವನ್ನೇ ಇಂದಿನವರು ಆವರ್ತಕ ಅರ್ಥವ್ಯವಸ್ಥೆ ಎನ್ನುವರು. ಅದಕ್ಕೆ ನಿದರ್ಶನವು ಚಾಮರಾಜನಗರ ಜಿಲ್ಲೆಯಲ್ಲಿಯೇ ಉಂಟು.

ಅಮೆರಿಕ ಖಂಡದಿಂದ ಅಲಂಕಾರಕ್ಕೆಂದು ಬಂದ ಲಂಟಾನವು ಗುಂಡ್ಲುಪೇಟೆ ತಾಲ್ಲೂಕಿನ ಬಂಡೀಪುರದಲ್ಲಿಯೂ ಮಲೆ ಮಹದೇಶ್ವರ ಬೆಟ್ಟದಲ್ಲಿಯೂ ಕಾಡನ್ನು ಆವರಿಸಿದೆ. ಅದು ಹುಲ್ಲನ್ನು ಅಡಗಿಸುವುದು. ಒಣಗಿದಾಗ ಕಾಳ್ಗಿಚ್ಚಿಗೆ ಇಂಧನವಾಗುವುದು. 2019ರ ಫೆಬ್ರವರಿಯಲ್ಲಿ ಬಂಡೀಪುರ ಉರಿದುದನ್ನು ನಾಡು ಮರೆತಿಲ್ಲ.

ಮಹದೇಶ್ವರ ಬೆಟ್ಟದ ಸೋಲಿಗರು ಬೆಂಗಳೂರಿನ ಏಟ್ರೀ ಸಂಸ್ಥೆಯಿಂದ ತರಬೇತಿ ಪಡೆದು, ಈ ಕಳೆಯ ಕಾಂಡವನ್ನು ಬೇಯಿಸಿ, ಸಿಪ್ಪೆ ಸುಲಿದು, ಬಾಗಿಸಿ, ಕುರ್ಚಿ ಮೇಜುಗಳನ್ನು ಮಾಡಿದರು. ಇದರಿಂದ ಬಿದಿರಿನ ಮೇಲಿನ ಒತ್ತಡ ತಗ್ಗುವುದು. ಬೆಂಕಿಗೆ ಸಿಕ್ಕು ಹೊಗೆಯಾಗಬಹುದಾಗಿದ್ದ ಇಂಗಾಲವು ಕೆಲವು ಕಾಲ ಕುರ್ಚಿಯಲ್ಲಿ ನಿಲ್ಲುವುದು. ದುಡಿಮೆಯ ಫಲ ದುಡಿದವರ ಹಾಡಿಯಲ್ಲಿಯೇ ಉಳಿಯುವುದು.

ಆದರೆ ಕಾಂಡವನ್ನಷ್ಟೇ ಕಡಿದರೆ ಬುಡ ಮತ್ತೆ ಚಿಗುರುವುದು. ಬುಡಸಹಿತ ಕಿತ್ತು, ಆ ನೆಲದಲ್ಲಿ ಹುಲ್ಲು ಮೂಡುವವರೆಗೆ ಕಾಯಬೇಕು. ಕಚ್ಚಾವಸ್ತು ಮುಗಿದೀತೆಂದು ಕಳೆಯನ್ನು ಉಳಿಸಿಕೊಳ್ಳುವ ಉದ್ಯಮವು ಕಾಡಿಗೆ ಉಪಕಾರಿಯಲ್ಲ. ಕಳೆ ಕಡಿಮೆಯಾದುದನ್ನೇ ಲಾಭವೆಂದು ಎಣಿಸುವುದು ಈ ಕಸುಬಿನ ಧರ್ಮ. ಮಕ್ಕಳಿಗೆ ಕಲಿಸಬೇಕಾದ ಲೆಕ್ಕವೂ ಅದೇ.