ನಕಲು, ಅಣಕ, ಅನುಸರಣ: ಒಂದು ಪದಪಾಠ

ನಮಗೆ ಪರಿಚಿತರಾದ ಒಬ್ಬ ರೈತರು ತಮ್ಮ ಹೊಲದ ಪಹಣಿಯನ್ನು ತರುವದಕ್ಕಾಗಿ ಬೆಳಿಗ್ಗೆ ಊರು ಬಿಟ್ಟು ಮಧ್ಯಾಹ್ನದ ಹೊತ್ತಿಗೆ ಕಛೇರಿಯನ್ನು ಮುಟ್ಟಿದರು. "ಸ್ವಾಮೀ, ನಮ್ಮ ಹೊಲದ್ದು ಒಂದು ನಕಲಿ ಪಹಣಿ ಬೇಕಾಗಿತ್ತು" ಎಂದು ಅವರು ಕೇಳಲು, ಮೇಜಿನ ಆಚೆ ಕೂತಿದ್ದವರು, "ನಕಲಿ ಬೇಕಾದರೆ ಇಲ್ಲಿಗೆ ಯಾಕೆ ಬಂದೆಯಪ್ಪಾ?" ಅಂದರು. ನಿಂತಿದ್ದವರೆಲ್ಲರೂ ನಕ್ಕರು. ನಮ್ಮ ರೈತರು ತಿರಿಗಿ ಬಾಯಿ ತೆರೆಯದೆ ಬರಿಗೈಯಲ್ಲಿ ಮನೆಗೆ ಬಂದರು. ಸೊಸೈಟಿಯ ಸಾಲಕ್ಕೆ ಅರ್ಜಿ ಕೊಡತಕ್ಕ ಕಡೆಯ ದಿನವು ಅದೇ ಆಗಿತ್ತು. ಉಕಾರವಿರಬೇಕಾದ ಕಡೆ ಇಕಾರ ಬಂದದ್ದರಿಂದ ಒಂದು ವರ್ಷದ ಸಾಲ ಕೈತಪ್ಪಿತು. "ಅಯ್ಯನವರೇ, ನಾನು ಆಡಿದ್ದರಲ್ಲಿ ಅಂಥಾ ತಪ್ಪೇನಿತ್ತು?" ಎಂದು ಅವರು ನಮ್ಮನ್ನು ಕೇಳಿದರು. ನಕ್ಕವರ ತಪ್ಪೇ ದೊಡ್ಡದು. ಆದರೂ ಪ್ರಶ್ನೆಗೆ ಉತ್ತರ ಕೊಡುವದು ನ್ಯಾಯ.

ನಕಲು ಎಂಬದು ಅರಬ್ಬಿಯಿಂದ ಬಂದ ಮಾತು. ಒಂದು ವಸ್ತುವನ್ನು ಒಂದು ಸ್ಥಳದಿಂದ ಮತ್ತೊಂದು ಸ್ಥಳಕ್ಕೆ ಸಾಗಿಸುವದು ಎಂಬದೇ ಅದರ ಮೂಲಾರ್ಥ. ಪಾರಸಿಯು ಕಛೇರಿಯ ಭಾಷೆಯಾಗಿದ್ದ ಕಾಲದಲ್ಲಿ ಇಂಥಾ ಮಾತುಗಳು ಕನ್ನಡಕ್ಕೆ ಇಳಿದವು. ನಮ್ಮ ಜಿಲ್ಲೆಯ ಸಿರಾ ಪಟ್ಟಣವು 1687ರಲ್ಲಿ ಮೊಗಲರ ಒಂದು ಸುಬೆಗೆ ಮುಖ್ಯಸ್ಥಾನವಾಯಿತೆಂಬದನ್ನು ನೆನಸಿದರೆ, ಅಸಲು, ನಕಲು, ವಸೂಲು, ತಾಲ್ಲೂಕು ಎಂಬ ಮಾತುಗಳು ನಮ್ಮ ರೈತರ ನಾಲಿಗೆಯಲ್ಲಿ ಇಷ್ಟು ಹಳಕಾಗಿರುವದು ಆಶ್ಚರ್ಯವಲ್ಲ. ನಕಲು ಎಂಬದರಲ್ಲಿ ದೋಷವೇನೂ ಇಲ್ಲ. ಅಸಲಿನಲ್ಲಿರುವ ಅಕ್ಷರಗಳನ್ನು ಬೇರೊಂದು ಕಾಗದಕ್ಕೆ ಸಾಗಿಸಿದರೆ ಅದು ನಕಲು. ಅಧಿಕಾರಿಯ ರುಜುವೂ ಮೊಹರೂ ಬಿದ್ದ ನಕಲನ್ನು ನ್ಯಾಯಸ್ಥಾನವೂ ಒಪ್ಪುತ್ತದೆ. ನಕಲಿ ಎಂಬದಾದರೋ ಈಗಿನ ಬಳಕೆಯಲ್ಲಿ ಖೋಟಾ ಎಂಬದಕ್ಕೆ ಸಮಾನ: ನಕಲಿ ನೋಟು, ನಕಲಿ ಔಷಧ, ನಕಲಿ ಬಿತ್ತನೆಬೀಜ. ಎರಡೂ ಒಂದೇ ಬೇರಿನವು. ಭೇದವೆಲ್ಲಿ? ನಕಲು ತನ್ನನ್ನು ನಕಲೆಂದೇ ಹೇಳಿಕೊಳ್ಳುತ್ತದೆ. ನಕಲಿಯು ತನ್ನನ್ನು ಅಸಲೆಂದು ಹೇಳಿಕೊಳ್ಳುತ್ತದೆ. ಪರೀಕ್ಷೆಯಲ್ಲಿ ಹುಡುಗನು ನಕಲು ಹೊಡೆದನೆಂದರೆ ಮಾತ್ರ ಅದು ನಿಂದೆ. ಯಾಕಂದರೆ ಪಕ್ಕದವನ ಉತ್ತರವನ್ನು ಅವನು ತನ್ನದೆಂದು ಒಪ್ಪಿಸುತ್ತಾನೆ. ಕಛೇರಿಯಲ್ಲಿ ಕೇಳುವಾಗ "ಪಹಣಿಯ ನಕಲು" ಎಂದು ಅಸಲನ್ನು ಮುಂದಿಟ್ಟು ಕೇಳಿರಿ. ಆಗ ಯಾರಿಗೂ ನಗುವದಕ್ಕೆ ಎಡೆಯಿರದು. (ಈಗಿನ ಕಾಲದವರು ಜೆರಾಕ್ಸ್ ಎನ್ನುತ್ತಾರೆ. ಅದು ಒಂದು ಕಂಪೆನಿಯ ಹೆಸರು. ಹಳ್ಳಿಯ ಅಂಗಡಿಯ ಬೋರ್ಡಿನಲ್ಲಿ ಅದೇ ಕ್ರಿಯೆಯ ಹೆಸರಾಗಿ ನಿಂತಿದೆ.)

ಪ್ರತಿ ಎಂಬದು ಬೇರೆ. ಅಚ್ಚಾದ ಪುಸ್ತಕದ ಸಾವಿರ ಪ್ರತಿಗಳಲ್ಲಿ ಯಾವದೂ ಅಸಲಲ್ಲ, ಯಾವದೂ ನಕಲಲ್ಲ, ಎಲ್ಲವೂ ಸಮ. ಆದದರಿಂದ ಈ ಪತ್ರಿಕೆಯ ಒಂದು ನಕಲನ್ನು ಕಳುಹಿಸಿರಿ ಎಂದು ಬರೆಯಬಾರದು, ಪ್ರತಿಯನ್ನು ಎಂದು ಬರೆಯತಕ್ಕದ್ದು. ಪ್ರತಿ ಎಂಬದೇ ಕನ್ನಡದ ಬಾಯಲ್ಲಿ ಸವೆದು ಪಡಿ ಎಂದಾಯಿತು. ಮಗನು ತಂದೆಯ ಪಡಿಯಚ್ಚು ಎನ್ನುವಾಗ ಅಲ್ಲಿರುವದು ಈ ಪಡಿಯೇ. ಕುಣಿಗಲ್ ಬಹುಕಾಲದಿಂದ ಕುದುರೆಯ ತಳಿಗೆ ಹೆಸರಾದ ಊರಷ್ಟೆ. ಅಲ್ಲಿ ಹುಟ್ಟಿದ ಮರಿಯು ಹಣೆಯ ಚುಕ್ಕೆಯ ವರೆಗೂ ತಾಯಿಯಂತೆ ಇದ್ದರೆ, ಮರಿಯು ತಾಯಿಯನ್ನು ಹೋಲುತ್ತದೆ ಎನ್ನಬೇಕೇ ಹೊರತು ಅನುಕರಿಸುತ್ತದೆ ಎನ್ನಬಾರದು. ಹೋಲುವದಕ್ಕೆ ಯತ್ನ ಬೇಡ, ಮನಸ್ಸೂ ಬೇಡ.

ಇನ್ನು ಅಣಕ. ಇದು ಅಚ್ಚ ಕನ್ನಡದ ಮಾತು, ಮುಳ್ಳುಳ್ಳ ಮಾತು. ತೊದಲುವವನ ಹಾಗೆ ತೊದಲಿ ತೋರಿಸುವದೂ ಕುಂಟುವವಳ ಹಿಂದೆ ಕುಂಟಿ ನಡೆಯುವದೂ ಅಣಕಿಸುವದು. ಅಣಕಿಸುವವನ ಕಣ್ಣು ಎದುರಿನವನ ಕೊರತೆಯ ಮೇಲೆ ಮಾತ್ರ ಇರುತ್ತದೆ. ನಟನೆಯು ಹಾಗಲ್ಲ. ಗುಬ್ಬಿಯ ಹೆಸರನ್ನು ನಾಡೆಲ್ಲಾ ಮುಟ್ಟಿಸಿದ ನಾಟಕ ಕಂಪೆನಿಯು 1884ರಲ್ಲಿ ಹುಟ್ಟಿತು. ಬಾಲ್ಯದಲ್ಲಿಯೇ ಅದನ್ನು ಸೇರಿ ಮುಂದೆ ಅದರ ಯಜಮಾನರಾಗಿ 1972ರಲ್ಲಿ ತೀರಿಕೊಂಡ ಗುಬ್ಬಿ ವೀರಣ್ಣನವರು ಹಾಸ್ಯಪಾತ್ರಗಳಲ್ಲಿ ಪ್ರಸಿದ್ಧರು. ಜನರ ನಡೆನುಡಿಗಳನ್ನು ರಂಗದ ಮೇಲೆ ತಂದರೂ ಅದನ್ನು ಯಾರೂ ಅಣಕವೆನ್ನಲಿಲ್ಲ, ಅಭಿನಯವೆಂದರು. 1934ರ ಅವರ ಕುರುಕ್ಷೇತ್ರ ನಾಟಕದಲ್ಲಿ ನಿಜವಾದ ಆನೆ ಕುದುರೆಗಳೇ ರಂಗಕ್ಕೆ ಬಂದವು. ಆನೆಯೊಂದು ಮಾತ್ರ ನಟಿಸಲಿಲ್ಲ, ಆನೆಯಾಗಿಯೇ ನಡೆಯಿತು ಎಂದು ನಾವು ತಮಾಷೆಗೆ ಹೇಳುವದುಂಟು. ಇದೇ ನಟಿಸು ಎಂಬ ಮಾತು ಪರದೆಯ ಹೊರಗೆ ಬಂದೊಡನೆ ಕೆಡುತ್ತದೆ. "ಅವನು ದುಃಖ ನಟಿಸುತ್ತಾನೆ" ಎಂದರೆ ನಿಂದೆ; ಇದು ನಾಟಕವೆಂದು ಹೇಳುವ ಪರದೆ ಅಲ್ಲಿಲ್ಲ. ಸೋಗು ಹಾಕುವದೆಂಬದೂ ಇದೇ ಜಾತಿಯದು.

ಅನುಕರಣ ಮತ್ತು ಅನುಸರಣ ಎಂಬ ಎರಡನ್ನು ನಮ್ಮ ಉಪದೇಶಿಗಳೂ ಬೆರಸುತ್ತಾರೆ. ಮೊದಲನೆಯದು, ಒಬ್ಬನು ಮಾಡಿದಂತೆ ಮಾಡುವದು. ಎರಡನೆಯದು, ಒಬ್ಬನು ಹೋದ ದಾರಿಯಲ್ಲಿ ಹಿಂದೆ ಹೋಗುವದು. ಇಲ್ಲಿ ನಮ್ಮ ಕಥೆಯನ್ನೇ ಹೇಳಬೇಕಾಗಿದೆ. ನಾವು ಎಳೆಯ ವಯಸ್ಸಿನಲ್ಲಿ ಒಬ್ಬ ಹಿರಿಯ ಬೋಧಕರನ್ನು ಬಹಳವಾಗಿ ಮೆಚ್ಚಿದ್ದೆವು. ಅವರ ಕೈ ಬೀಸುವಿಕೆಯನ್ನೂ ಸ್ವರ ಏರಿಸುವಿಕೆಯನ್ನೂ ಚೆನ್ನಾಗಿ ಕಲಿತು ಒಂದು ಹಳ್ಳಿಯಲ್ಲಿ ಬೋಧಿಸಿದೆವು. ಕೂಟ ಮುಗಿದ ಮೇಲೆ ಒಬ್ಬ ಮುದುಕಮ್ಮನು ನಮ್ಮ ಬಳಿಗೆ ಬಂದು, "ಮಗಾ, ಅವರಿಗೆ ಗೂರಲು ಇತ್ತು, ಅದಕ್ಕೆ ನಡುನಡುವೆ ಕೆಮ್ಮುತ್ತಿದ್ದರು, ನಿನಗೇನಪ್ಪಾ ಬಂತು?" ಎಂದು ಕನಿಕರದಿಂದ ಕೇಳಿದಳು. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಿತೆಂಬ ಗಾದೆ ನಮಗೆ ಆ ದಿನ ತಿಳಿಯಿತು. ಆ ಬೋಧಕರು ಮಳೆಯಲ್ಲಿ ನೆನೆದು ರೋಗಿಗಳ ಮನೆಗೆ ಹೋಗುತ್ತಿದ್ದದ್ದನ್ನು ನಾವು ಅನುಸರಿಸಿರಲಿಲ್ಲ. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 11ನೆಯ ಅಧ್ಯಾಯದ ಆರಂಭದಲ್ಲಿರುವ ಗ್ರೀಕ್ ಮಾತು ಅನುಕರಿಸುವವರು ಎಂಬರ್ಥದ್ದೇ. ಆದರೂ ನಮ್ಮ ಕನ್ನಡ ಭಾಷಾಂತರಕಾರರು ಅಲ್ಲಿ ಅನುಸರಿಸು ಎಂಬದನ್ನು ಆರಿಸಿಕೊಂಡರು. ಅವರ ಕಿವಿ ಸೂಕ್ಷ್ಮವಾದದ್ದು ಎಂದು ನಮ್ಮ ಎಣಿಕೆ.

ಆದರೆ ನಮಗೆ ಎಲ್ಲಕ್ಕಿಂತ ಪ್ರಿಯವಾದ ಮಾತು ತಿದ್ದು ಎಂಬದು. ಹಿಂದಿನ ಕೂಲಿಮಠಗಳಲ್ಲಿ ಅಯ್ಯಗಳು ಮರಳಿನ ಮೇಲೆ ಒಂದಕ್ಷರವನ್ನು ಬರೆದುಕೊಡುವರು. ಮಗುವು ಅದರ ಮೇಲೆಯೇ ಬೆರಳಿಟ್ಟು ಮತ್ತೆ ಮತ್ತೆ ತಿದ್ದುವದು. ಮಗುವಿನ ಬೆರಳು ಅಯ್ಯಗಳ ಗೆರೆಯನ್ನು ಬಿಟ್ಟು ಹೋಗುವದು, ತಿರಿಗಿ ಬರುವದು. ತಪ್ಪನ್ನು ಸರಿಪಡಿಸುವದಕ್ಕೂ ಕನ್ನಡದಲ್ಲಿ ತಿದ್ದು ಎಂದೇ ಹೆಸರು: ಲೆಕ್ಕವನ್ನು ತಿದ್ದುತ್ತೇವೆ, ನಡತೆಯನ್ನು ತಿದ್ದಿಕೊಳ್ಳುತ್ತೇವೆ. ಮಾದರಿಯ ಮೇಲೆ ಕೈಯಾಡಿಸುವದಕ್ಕೂ ಸರಿಯಾಗುವದಕ್ಕೂ ಒಂದೇ ಮಾತು. ಪೇತ್ರನ ಮೊದಲನೆಯ ಪತ್ರಿಕೆಯ 2ನೆಯ ಅಧ್ಯಾಯದ 21ನೆಯ ವಚನದಲ್ಲಿ ಕ್ರಿಸ್ತನ ಮಾದರಿಯ ವಿಷಯವಾಗಿ ಬರುವ ಗ್ರೀಕ್ ಮಾತು ಹುಪೊಗ್ರಮ್ಮೊಸ್ ಎಂಬದು. ಮಕ್ಕಳು ನೋಡಿ ತಿದ್ದಲೆಂದು ಗುರುವು ಬರೆದುಕೊಡುವ ಮೇಲ್ಪಂಕ್ತಿಗೇ ಆ ಹೆಸರಿತ್ತು.

ನಮ್ಮ ರೈತರು ಮುಂದಿನ ವಾರ ತಿರಿಗಿ ಹೋಗಿ "ಪಹಣಿಯ ನಕಲು" ಎಂದೇ ಕೇಳಿ ತೆಗೆದುಕೊಂಡು ಬಂದರು. ಅರ್ಜಿಗೆ ಹೆಬ್ಬೆಟ್ಟು ಒತ್ತಲಿಲ್ಲವಂತೆ; ಮೊಮ್ಮಗಳು ಸ್ಲೇಟಿನ ಮೇಲೆ ಬರೆದುಕೊಟ್ಟಿದ್ದ ತಮ್ಮ ಹೆಸರನ್ನು ಎಂಟು ದಿನ ತಿದ್ದಿ ಕಲಿತು, ಅಲ್ಲಿ ರುಜು ಹಾಕಿದರಂತೆ. ಸಾಲವು ಮಾತ್ರ ಆ ವರ್ಷ ಸಿಕ್ಕಲಿಲ್ಲ.